ರೊಟ್ಟಿ ಮೆಷಿನಿನ ಒಡತಿ

ಉಳ್ಳಾಲ
12-10-2025, ಆದಿತ್ಯವಾರ

ಮುದ್ದಕ್ಕನಿಗೆ ಮುಮ್ತಾಝ್ ಮಾಡುವ ಸಲಾಮು.

ಕವರಿನ ಹಿಂದೆ ನನ್ನ ಹೆಸರು ಬರೆದಿಲ್ಲ. ಬರೆದಿದ್ದರೆ ನೀವು ಒಡೆಯದೆಯೇ ಒಲೆಗೆ ಹಾಕುತ್ತಿದ್ದಿರೋ ಏನೋ. ಈಗ ಒಡೆದಾಯಿತಲ್ಲ, ಸಿಟ್ಟು ಬಂದರೂ ಪೂರ್ತಿ ಓದಿ. ನಿಮ್ಮ ಹಳೆಯ ನಂಬರಿಗೆ ಮಾಡಿದರೆ ನಿಮ್ಮ ಮಗ ಜಿತೇಶನೇ ಎತ್ತುತ್ತಾನೆ. ಕದ್ರಿಯಲ್ಲಿ ನೀವು ಈಗ ಕೆಲಸಕ್ಕಿದ್ದು ಅಜ್ಜಿಯೊಬ್ಬರನ್ನು ನೋಡಿಕೊಳ್ಳುತ್ತಿರುವ ಫ್ಲ್ಯಾಟಿನ ಗೇಟಿನ ತನಕ ಎರಡು ಸಲ ಬಂದೆ. ಎರಡು ಸಲವೂ ವಾಚ್‌ಮನ್ ಯಾರು ಬೇಕು ಎಂದು ಕೇಳಿದ. ನಿಮ್ಮ ಹೆಸರು ಹೇಳಲು ಬಾಯಿ ಬರಲಿಲ್ಲ, ವಾಪಸು ಬಸ್ ಹತ್ತಿದೆ. ನಾವು ಮಾತಾಡುವುದು ತುಳುವಿನಲ್ಲಿ. ಬರೆಯಲು ಕುಳಿತರೆ ನನಗೆ ಬರುವುದು ಏಳನೇ ಕ್ಲಾಸಿನ ಕನ್ನಡ. ತಪ್ಪಿದ್ದರೆ ತಿದ್ದಿಕೊಳ್ಳಿ.

ಎಲ್ಲಿಂದ ತಪ್ಪಿತು ಎಂದು ಮೊದಲಿನಿಂದ ಹೇಳುತ್ತೇನೆ. ಕಳೆದ ನವೆಂಬರಿನಲ್ಲಿ ನಾನು ಅಕ್ಕಿ ರೊಟ್ಟಿಯ ಮೆಷಿನ್ ತೆಗೆದುಕೊಳ್ಳಬೇಕೆಂದು ಹೊರಟಾಗ ಸಾಲದ ಕಂಪೆನಿಯವರು ನನ್ನ ಹೆಸರಿಗೆ ಆಗುವುದಿಲ್ಲ ಎಂದರು. ನನ್ನ ಗಂಡ ಸಿದ್ದೀಕ್ ತೀರಿಹೋದ ವರ್ಷ ನಾನು ಕಟ್ಟದೆ ಬಿಟ್ಟ ಹಳೆಯ ಸಾಲ ಅವರ ಕಂಪ್ಯೂಟರಿನಲ್ಲಿ ಹಾಗೆಯೇ ಇತ್ತು. ಆಗ ನೀವೇ, ನನ್ನ ಹೆಸರಲ್ಲಿ ತೆಗೆ, ನೀನು ಕಟ್ಟಿದರೆ ಆಯ್ತಲ್ಲ ಎಂದಿರಿ. ಅರುವತ್ತು ಸಾವಿರ. ವಾರಕ್ಕೆ ಸಾವಿರದ ಮುನ್ನೂರ ಐವತ್ತರಂತೆ ಸೋಮವಾರ ನಿಮ್ಮ ಕೈಗೆ ಕೊಡುತ್ತಿದ್ದೆ, ಮಂಗಳವಾರದ ಮೀಟಿಂಗಿನಲ್ಲಿ ನೀವು ಕಟ್ಟುತ್ತಿದ್ದಿರಿ. ನಾವಿಬ್ಬರೂ ಇರುವ ಐವರ ಸಾಲದ ಗುಂಪಿನಲ್ಲಿ ಉಳಿದ ಮೂವರಿಗೂ ಇದು ಗೊತ್ತಿರಲಿಲ್ಲ. ವಸೂಲಿಗೆ ಬರುವ ಶೋಭಿತ್‌ಗೆ ಗೊತ್ತಿದ್ದರೂ ಸುಮ್ಮನಿದ್ದ.

ಜೂನ್ ಹತ್ತನೇ ತಾರೀಕು ಆಧಾರ್ ಪ್ರತಿ ಕೊಡಲು ಕಂಪೆನಿಯ ಕೊಟ್ಟಾರದ ಆಫೀಸಿಗೆ ಹೋಗಿದ್ದೆ. ಒಳಗೆ ಕಾಲಿಡುವಾಗಲೇ ಗೋಡೆಯ ಮೇಲೆ ನೀವು ಕಂಡಿರಿ, ನನ್ನ ಎತ್ತರಕ್ಕಿಂತ ದೊಡ್ಡ ಫೋಟೋದಲ್ಲಿ. ನೀವು ನಗುತ್ತಿದ್ದಿರಿ, ನಿಮ್ಮ ಕೈ ನನ್ನ ಮೆಷಿನಿನ ಮೇಲಿತ್ತು. ಹಿಂದೆ ನನ್ನ ಅಡಿಗೆಮನೆಯ ನೀಲಿ ಗೋಡೆ, ನನ್ನ ಅಕ್ಕಿಯ ಡ್ರಮ್ಮು. ಕೆಳಗೆ ಹೀಗೆ ಬರೆದಿತ್ತು: “ನಿನ್ನೆ ಬೀಡಿ ಕಟ್ಟುತ್ತಿದ್ದ ಮುದ್ದು, ಇಂದು ಉದ್ಯಮದ ಒಡತಿ. ಬಡತನದಿಂದ ಹೊರಬಂದ ಹೆಮ್ಮೆಯ ಸದಸ್ಯೆ.”

ನಾನು ಅದನ್ನು ಮೂರು ಸಲ ಓದಿದೆ. ಫೆಬ್ರವರಿಯಲ್ಲಿ ನನ್ನ ಮಗಳು ಮುಫೀದಾಳ ಹೆರಿಗೆಗೆಂದು ಆಸ್ಪತ್ರೆಯಲ್ಲಿದ್ದ ಐದು ದಿನ ಮನೆಯ ಕೀ ನಿಮ್ಮ ಹತ್ತಿರ ಇತ್ತು. ಬಾಳೆಗಿಡಕ್ಕೆ ನೀರು ಹಾಕಿ, ಬೆಕ್ಕಿಗೆ ಮೀನು ಹಾಕಿ ಎಂದು ಕೊಟ್ಟ ಕೀ. ಆಮೇಲಿನ ನಾಲ್ಕು ತಿಂಗಳು ದಿನಾ ನನ್ನ ಮನೆಗೆ ಬಂದು ಕುಳಿತು ಚಾ ಕುಡಿದವರು ಫೋಟೋದ ಒಂದು ಮಾತು ಎತ್ತಲಿಲ್ಲ ಯಾಕೆ? ಬಸ್ಸಿನಲ್ಲಿ ಬರುವಾಗ ನೇತ್ರಾವತಿ ಸಂಕ ದಾಟಿದ್ದೇ ನನಗೆ ಗೊತ್ತಾಗಲಿಲ್ಲ.

ನಾನು ಕೇಳಲಿಲ್ಲ. ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಕೇಳುವ ಬದಲು ನಿಮ್ಮನ್ನು ಕಾಯತೊಡಗಿದೆ. ಚಾ ಕೊಡುವಾಗ ನಿಮ್ಮ ಕಣ್ಣು ಎಲ್ಲಿ ಹೋಗುತ್ತದೆ ಎಂದು ನೋಡುತ್ತಿದ್ದೆ. ಮುಂದಿನ ವಾರ ನೀವು ಬಂದು ಮೆಷಿನಿನ ಬಿಲ್ಲು ಕೇಳಿದಿರಿ. ಎಂತಕ್ಕೆ ಎಂದಾಗ, “ಬೇಕಿತ್ತು, ಮತ್ತೆ ಹೇಳ್ತೇನೆ” ಎಂದು ಬಾಗಿಲ ಕಡೆ ನೋಡಿದಿರಿ. ಹೊರಗೆ ಜಿತೇಶ ಬೈಕಿನಲ್ಲಿ ಕುಳಿತಿದ್ದ. ಬಿಲ್ಲು ಕಳೆದುಹೋಯಿತು ಎಂದೆ. ಸುಳ್ಳು, ಮುದ್ದಕ್ಕ. ಅದು ಕುರ್‌ಆನ್ ಇಡುವ ಕಪಾಟಿನಲ್ಲೇ ಇತ್ತು. ಅಲ್ಲಿ ಸುಳ್ಳು ಇಟ್ಟವಳು ನಾನು.

ಜೂನ್ ಕೊನೆಯಲ್ಲಿ ನಾನು ಅಂಗಡಿಗಳಿಗೆ ರೊಟ್ಟಿ ಕೊಡಲು ಹೋದಾಗ ಜಿತೇಶ ಮನೆಗೆ ಬಂದಿದ್ದನಂತೆ. ಮುಫೀದಾ ಮಗುವಿಗೆ ಎಣ್ಣೆ ಹಚ್ಚುತ್ತಾ ಒಳಗಿನಿಂದ ನೋಡಿದ್ದಾಳೆ. ಟೇಪು ಹಿಡಿದು ಬಾಗಿಲಿನ ಅಗಲ ಅಳೆದ, ಮೆಷಿನಿನ ಅಗಲ ಅಳೆದ, ಮೊಬೈಲಿನಲ್ಲಿ ಬರೆದುಕೊಂಡು ಹೋದ. ಇನ್ನು ಸಂಶಯಕ್ಕೆ ಎಂತ ಬಾಕಿ ಉಂಟು ಹೇಳಿ? ಗೋಡೆಯಲ್ಲಿ ಫೋಟೋ, ಕಾಗದದಲ್ಲಿ ನಿಮ್ಮ ಹೆಸರು, ಮಗನ ಕೈಯಲ್ಲಿ ಅಳತೆ. ಅಮ್ಮನೂ ಮಗನೂ ಸೇರಿ ಮೆಷಿನ್ ಎತ್ತಿಕೊಂಡು ಹೋಗುತ್ತಾರೆ ಎಂದು ನಿಶ್ಚಯ ಮಾಡಿದೆ.

ಜುಲೈ ನಾಲ್ಕು, ಶುಕ್ರವಾರ, ಮಧ್ಯಾಹ್ನ. ಗಂಡಸರೆಲ್ಲ ಜುಮಾಕ್ಕೆ ಹೋಗುವ ಮೊದಲು ಅಣ್ಣನ ಟೆಂಪೊ ತರಿಸಿ ಮೆಷಿನನ್ನು ಅವನ ಗೋಡೌನಿಗೆ ಸಾಗಿಸಿದೆ. ಆ ವಾರದಿಂದ ಕಂತಿನ ಹಣ ಕೊಡುವುದನ್ನೂ ನಿಲ್ಲಿಸಿದೆ. ಒಡತಿ ಅವರಲ್ಲವಾ, ಅವರೇ ಕಟ್ಟಲಿ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ.

ನೀವು ಬಂದ ದಿನ ನನಗೆ ನೆನಪುಂಟು. ಅಂಗಳದಲ್ಲಿ ನಿಂತು, “ಮುಮ್ತಾಝ್, ಕಂತು ಎಂತ ಆಯ್ತು? ಉಷಾರಿಲ್ವಾ?” ಎಂದು ಕೇಳಿದಿರಿ. ನಾನು ಬಾಗಿಲ ಹಿಂದೆ ಇದ್ದೆ. ಉಮ್ಮ ಮನೆಯಲ್ಲಿ ಇಲ್ಲ ಎಂದು ಮುಫೀದಾಳಿಂದ ಹೇಳಿಸಿದೆ. ನನ್ನ ಚಪ್ಪಲಿ ಮೆಟ್ಟಿಲಲ್ಲೇ ಇತ್ತು. ನೀವು ಅದನ್ನು ನೋಡಿದ್ದು ನನಗೆ ಕಿಟಕಿಯಿಂದ ಕಂಡಿತು. ಹಾಗೇ ತಿರುಗಿ ಹೋದಿರಿ.

ಮೂರನೇ ವಾರ ಶೋಭಿತ್ ನಿಮ್ಮ ಜಗಲಿಯಲ್ಲಿ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕುಳಿತ ಸುದ್ದಿ ಕೇಳಿದೆ. ಅಕ್ಕಪಕ್ಕದವರೆಲ್ಲ ಬಂದು ನೋಡಿದರಂತೆ. ನೀವು ಒಳಗೆ ಹೋಗಿ ಬೆಂಡೋಲೆ ಬಿಚ್ಚಿ ತಂದು, ಅಂಗಡಿಯಲ್ಲಿ ಮಾರಿ, ಮೂರು ಕಂತು ಒಟ್ಟಿಗೆ ಕಟ್ಟಿದಿರಂತೆ. ಹೇಳಿದ್ದು ನಮ್ಮ ಗುಂಪಿನ ಆಸ್ಯಮ್ಮ. “ಮುದ್ದಕ್ಕನ ಕಿವಿ ನೋಡ್ಲಿಕ್ಕೆ ಆಗುವುದಿಲ್ಲ ಮಾರಾಯ್ತಿ” ಎಂದು ಅವಳು ಕಣ್ಣೊರೆಸಿಕೊಂಡಳು. ಆಗಲೂ ನನ್ನ ಮನಸ್ಸು ಎಂತ ಹೇಳಿತು ಗೊತ್ತುಂಟಾ? ಮೆಷಿನ್ ತನ್ನದಾಗಬೇಕೆಂದೇ ಕಟ್ಟಿದ್ದಾರೆ ಎಂದಿತು.

ವಾರದೊಳಗೆ ನೀವು ಮನೆ ಬಿಟ್ಟಿರಿ. ಎಲ್ಲಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕೆಂಬ ನಿಯಮ ಉಂಟಲ್ಲ, ನಾವು ನಾಲ್ವರು ಹಂಚಿ ಕಟ್ಟತೊಡಗಿದೆವು. ನನ್ನದೇ ಸಾಲದ ಕಾಲು ಪಾಲು ಕಟ್ಟುತ್ತಾ, ಮುದ್ದಕ್ಕನಿಂದ ನನಗೆ ಈ ಕಷ್ಟ ಎಂಬ ಮುಖ ಮಾಡಿ ಆ ಮೂವರ ಎದುರು ಕುಳಿತಿದ್ದೆ.

ಸೆಪ್ಟೆಂಬರ್ ಕೊನೆಗೆ ಒಂದು ಫೋನ್ ಬಂತು. ಕೋರ್ಟಿನ ಹತ್ತಿರ ಸ್ಟಾಂಪ್ ಪೇಪರ್ ಟೈಪ್ ಮಾಡುವ ಇಸಿದೋರ್ ಪೊರ್ಬುಗಳದ್ದು. ಮುದ್ದಕ್ಕ ಮಾಡಿಸಿದ ಕಾಗದ ತಯಾರಾಗಿ ಮೂರು ತಿಂಗಳಾಯಿತು, ಸಹಿ ಹಾಕಿ ತೆಗೆದುಕೊಂಡು ಹೋಗಿ ಎಂದರು. ಮೆಷಿನ್ ಬರೆಸಿಕೊಳ್ಳುವ ಕಾಗದವೇ ಇದು ಎಂದು ನನಗೆ ಖಾತ್ರಿ. ಎಂತದ್ದಕ್ಕೂ ಸಹಿ ಹಾಕಬಾರದೆಂದು ಪೆನ್ನು ಕೂಡ ಒಯ್ಯದೆ ಹೋದೆ.

ಪೊರ್ಬುಗಳು ಮುಂದಿಟ್ಟ ಕಾಗದ ಓದಿದೆ. “ಸಾಲ ನನ್ನ ಹೆಸರಿನಲ್ಲಿದ್ದರೂ ಮೆಷಿನ್ ಮುಮ್ತಾಝ್ ಅವರದ್ದು, ಕಂತು ಕಟ್ಟಿದವರೂ ಅವರೇ, ನನಗಾಗಲಿ ನನ್ನ ಮಗನಿಗಾಗಲಿ ಅದರ ಮೇಲೆ ಯಾವ ಹಕ್ಕೂ ಇಲ್ಲ.” ಕೆಳಗೆ ನಿಮ್ಮ ಸಹಿ, ಪಕ್ಕದಲ್ಲಿ ನನ್ನ ಸಹಿಗೆ ಜಾಗ. ತಾರೀಕು ಜೂನ್ ಇಪ್ಪತ್ತಮೂರು. ನಾನು ಮೆಷಿನ್ ಸಾಗಿಸುವುದಕ್ಕೆ ಹನ್ನೊಂದು ದಿನ ಮೊದಲು. ಮೆಷಿನಿನ ನಂಬರು ಎಂಬಲ್ಲಿ ಮಾತ್ರ ಖಾಲಿ ಬಿಟ್ಟಿತ್ತು. ಬಿಲ್ಲು ಸಿಕ್ಕಿದ ಮೇಲೆ ತುಂಬಿಸಿ ಎಂದು ನೀವೇ ಹೇಳಿದ್ದಿರಂತೆ.

ಪೊರ್ಬುಗಳು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಅವರ ಮಗನಿಗೆ ಆ ಫೋಟೋ ತಲೆಗೆ ಹೊಕ್ಕಿದೆ ಮಾರಾಯ್ರೆ. ಫೋಟೋದಲ್ಲಿ ಅಮ್ಮ, ಸಾಲದಲ್ಲಿ ಅಮ್ಮ, ಮತ್ತೆ ಮೆಷಿನ್ ಯಾರದ್ದು ಅಂತ ಅವನ ವಾದ. ತಂದು ನಾವೇ ನಡೆಸುವ ಅಂತ. ಈ ಕಾಗದದ ವಿಷಯ ಗೊತ್ತಾದ ದಿನ, ಇದನ್ನು ಹರಿ, ಇಲ್ಲಾಂದ್ರೆ ನನ್ನ ಮನೇಲಿ ಇರ್ಬೇಡ ಅಂದನಂತೆ. ಅವರು ಹರಿಯಲಿಲ್ಲ” ಎಂದರು. ನಿಮ್ಮ ಈಗಿನ ವಿಳಾಸ ಕೊಟ್ಟವರೂ ಅವರೇ.

ನಾನು ಸಂಶಯಪಟ್ಟದ್ದು ಸರಿಯೇ ಇತ್ತು, ಮುದ್ದಕ್ಕ. ಮೆಷಿನಿನ ಮೇಲೆ ಕಣ್ಣು ಇದ್ದದ್ದು ನಿಜ. ಆ ಕಣ್ಣು ನಿಮ್ಮದಲ್ಲ ಎಂದು ನೋಡುವಷ್ಟು ಬುದ್ಧಿ ನನಗೆ ಬರಲಿಲ್ಲ.

ಶೋಭಿತ್‌ನನ್ನೂ ಹಿಡಿದು ಕೇಳಿದೆ. “ಹೆಡ್ ಆಫೀಸಿಗೆ ಒಂದು ಒಳ್ಳೆ ಫೋಟೋ ಬೇಕಿತ್ತು ಮಾರಾಯ್ರೆ. ಮುದ್ದಕ್ಕ ಬೇಡವೇ ಬೇಡ ಅಂದ್ರು. ಮೆಷಿನ್ ಅವರ ಹತ್ರ ಇಲ್ಲ ಅಂತ ಗೊತ್ತಾದ್ರೆ ಪೂರ್ತಿ ಸಾಲ ವಾಪಸ್ ಕೇಳ್ತಾರೆ ಅಂತ ನಾನೇ ಹೆದರಿಸಿದೆ” ಎಂದ. ಆಸ್ಪತ್ರೆಯಲ್ಲಿದ್ದ ನನಗೆ ಹೇಳಿ ಗಾಬರಿ ಮಾಡುವುದು ಬೇಡ ಎಂದಿರಂತೆ.

ಆದರೂ ಒಂದು ಮಾತು ಕೇಳದಿದ್ದರೆ ಅದು ನನ್ನೊಳಗೆ ಕೊಳೆಯುತ್ತದೆ. ಹೆದರಿ ನಿಂತವರ ನಗೆ ಹಾಗಿರುವುದಿಲ್ಲ. ಮೂವತ್ತು ವರ್ಷ ಬೀಡಿ ಎಲೆಯ ಮೊರ ಮಡಿಲಲ್ಲಿಟ್ಟು ಬಗ್ಗಿ ಕುಳಿತ ನೀವು ಆ ಫೋಟೋದಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದೀರಿ. ಒಂದು ಗಳಿಗೆಯಾದರೂ ಇದು ನನ್ನದಾಗಿದ್ದರೆ ಎಂದು ಅನ್ನಿಸಿತಾ? ಅದಕ್ಕೇ ಆಮೇಲೂ ನನಗೆ ಹೇಳಲಿಲ್ಲವಾ? ಅನ್ನಿಸಿದ್ದರೆ ಹೇಳಿಬಿಡಿ. ನನಗೆ ಸಿಟ್ಟಿಲ್ಲ. ಅನ್ನಿಸಲೇ ಇಲ್ಲ ಎಂದರೆ ನಾನು ನಂಬುವುದಿಲ್ಲ. ನನ್ನ ಗುಣ ನಿಮಗೆ ಗೊತ್ತುಂಟಲ್ಲ.

ಮೆಷಿನನ್ನು ಮನೆಗೆ ತಂದಿದ್ದೇನೆ. ಮಂಗಳವಾರದ ಮೀಟಿಂಗಿನಲ್ಲಿ ಸಾಲ ನನ್ನದೆಂದು ಎಲ್ಲರೆದುರು ಹೇಳಿ, ಆ ಮೂವರು ಕಟ್ಟಿದ ಹಣ ಹಿಂದೆ ಕೊಟ್ಟೆ. ನೀವು ಕಟ್ಟಿದ ನಾಲ್ಕು ಸಾವಿರದ ಐವತ್ತನ್ನು ಪೊರ್ಬುಗಳ ಹತ್ತಿರ ಇಟ್ಟಿದ್ದೇನೆ. ಬೆಂಡೋಲೆ ಕೊಂಡ ಅಂಗಡಿಯವ ಅದನ್ನು ಕರಗಿಸಿ ಆಗಿತ್ತು. ಇನ್ನು ಐದು ಕಂತು ಉಂಟು.

ಮೆಷಿನಿಗೆ ಇಬ್ಬರು ಬೇಕು, ಒಬ್ಬಳು ಹಿಟ್ಟು ಹಾಕುವಾಗ ಇನ್ನೊಬ್ಬಳು ರೊಟ್ಟಿ ತೆಗೆಯಬೇಕು. ಮುಫೀದಾ ಬರುವ ತಿಂಗಳು ಗಂಡನ ಮನೆಗೆ ಹೋಗುತ್ತಾಳೆ. ಅವಳ ಕೋಣೆ ನಿಮಗೆ ಆಗುತ್ತದೆ. ಬಂದ ಲಾಭದಲ್ಲಿ ಅರ್ಧ ನಿಮ್ಮದು. ಕರುಣೆಯಿಂದ ಕರೆಯುತ್ತಿದ್ದೇನೆ ಎಂದು ನಿಮಗೆ ಸಂಶಯ ಬಂದರೆ, ಅದು ನನ್ನಿಂದ ನಿಮಗೆ ಅಂಟಿದ ರೋಗ.

ನಿಮ್ಮ ಉತ್ತರಕ್ಕೆ ಅಂಚೆಯವನ ದಾರಿ ಕಾಯುವ,
ಮುಮ್ತಾಝ್

ತಾ.ಕ.: ಇನ್ನೊಂದು ಉಂಟು. ಅಗಸ್ಟ್ ಮೊದಲ ಮಂಗಳವಾರ ಶೋಭಿತ್ ಒಂದು ಕಾಗದ ತಂದಿದ್ದ. ಸಾಲ ಪಡೆದವರು ತಲೆಮರೆಸಿಕೊಂಡಿದ್ದಾರೆ ಎಂದು ಅದರಲ್ಲಿತ್ತು, ಗುಂಪಿನವರ ಸಹಿ ಬೇಕಿತ್ತು. ಆಸ್ಯಮ್ಮ, ಮುದ್ದಕ್ಕ ಓಡಿಹೋಗುವವರಲ್ಲ ಎಂದು ಎದ್ದು ಹೋದಳು. ಮೊದಲ ಸಹಿ ಹಾಕಿದವಳು ನಾನು. ಹಾಗಾಗಿ ಇನ್ನು ಯಾವ ಕಂಪೆನಿಯೂ ನಿಮಗೆ ಒಂದು ರೂಪಾಯಿ ಕೊಡಲಿಕ್ಕಿಲ್ಲ. ಕಳೆದ ವಾರ ಕೊಟ್ಟಾರಕ್ಕೆ ಹೋಗಿ ಆ ಸಹಿ ಸುಳ್ಳು, ಸಾಲ ನನ್ನದು ಎಂದು ಬರೆದುಕೊಟ್ಟು ಬಂದೆ. ನಿಮ್ಮ ಹೆಸರು ಸರಿಮಾಡುತ್ತಾರೋ, ಮೆಷಿನನ್ನೇ ಎತ್ತಿಕೊಂಡು ಹೋಗುತ್ತಾರೋ, ಇನ್ನೂ ಏನೂ ಹೇಳಿಲ್ಲ. ಇದನ್ನು ಕಾಗದದ ಮೇಲ್ಭಾಗದಲ್ಲೇ ಬರೆಯಬೇಕಿತ್ತು. ಬರೆದರೆ ನೀವು ಅಲ್ಲಿಗೇ ಓದುವುದನ್ನು ನಿಲ್ಲಿಸುತ್ತೀರಿ ಎಂಬ ಸಂಶಯದಿಂದ ಕೊನೆಗೆ ಇಟ್ಟೆ.