ಬ್ಯಾಂಡೇಜು ಒಗೆಯಬೇಡ

ಅಪ್ಪಾ,

ಕಾಲಿನ ಬ್ಯಾಂಡೇಜನ್ನು ಇವತ್ತು ಬಿಚ್ಚಬೇಡ, ಒಗೆಯಲೂಬೇಡ. ನಿನ್ನ ಚೊಕ್ಕಟತನ ಇವತ್ತೊಂದು ದಿನ ಬೇಡ. ಗಾಯದಿಂದ ಉದುರಿ ಬಟ್ಟೆಗೆ ಅಂಟುವ ಕಪ್ಪು ಕಾಳು ಕೊಳೆಯಲ್ಲ. ಚರ್ಮದಡಿ ಬೆಳೆದ ಶಿಲೀಂಧ್ರವಿರಬಹುದು. ಅದನ್ನು ಪರೀಕ್ಷಿಸದೆ ಡಾಕ್ಟರು ಔಷಧಿ ಬರೆಯಲಾರರು. ಹೋದ ಸಲ ನೀನು ಕಾಲು ತಿಕ್ಕಿ ತೊಳೆದು, ಹೊಸ ಬಟ್ಟೆ ಕಟ್ಟಿಕೊಂಡು ಮದುಮಗನ ಹಾಗೆ ಹೋದೆ. ಅವರಿಗೆ ಒಂದು ಕಾಳೂ ಸಿಗಲಿಲ್ಲ.

“ತೋಟದ ಮುಳ್ಳು ಕಣೇ, ತಾನೇ ಹೋಗತ್ತೆ” ಅನ್ನುತ್ತಲೇ ಆರು ವರ್ಷ ಕಳೆದೆ. ಇನ್ನು ಬಿಟ್ಟರೆ ಮೂಳೆಗೆ ಇಳಿಯುತ್ತದೆ. ಆಮೇಲೆ ಪಾದ ಉಳಿಯುವುದು ಕಷ್ಟ.

ಹನ್ನೊಂದಕ್ಕೆ ಗಾಡಿ ಬರುತ್ತದೆ. ನಾನು ಆಸ್ಪತ್ರೆಯ ಬಾಗಿಲಲ್ಲೇ ಇರುತ್ತೇನೆ.

ನೋವು ಎಷ್ಟಿದೆ ಎಂದು ಡಾಕ್ಟರು ಕೇಳಿದರೆ ಈ ಸಲ ನಿಜ ಹೇಳು. ನನ್ನೆದುರು ಹೇಳಲಾಗದಿದ್ದರೆ ನಾನು ಎದ್ದು ಹೊರಗೆ ಹೋಗುತ್ತೇನೆ.