ನೆರಳಿನ ನೀಲಿ

ದೇವಳಾಲಿ ಕ್ಯಾಂಪ್
೯ ಮಾರ್ಚ್ ೨೦೧೧, ಸಂಜೆ ಐದೂವರೆ

ಅಶ್ವಿನಿ, ನನ್ನ ಕೂಸೇ,

ಇಂದು ಬಟ್ಟೆ ಒಗೆದೆ, ಎರಡು ರೊಟ್ಟಿ ಬಡಿದೆ, ಫೋಟೋ ಸ್ಟುಡಿಯೋಗೆ ಹೋಗಿ ಬಂದೆ. ದಿನ ಅಷ್ಟೇ.

ನಿಮ್ಮಪ್ಪ ತೀರಿಹೋಗುವ ಐದು ದಿನ ಮೊದಲು ಮನಾಲಿಯಲ್ಲಿ ತೆಗೆದ ಫೋಟೋ ದೊಡ್ಡದು ಮಾಡಿಸಿ ಔರಂಗಾಬಾದಿಗೆ ಕಳಿಸು ಎಂದಿದ್ದೆಯಲ್ಲ. ಕ್ಯಾಮೆರಾ ಸದಾ ಅವರ ಕೈಯಲ್ಲಿತ್ತು, ಹಾಗಾಗಿ ಯಾವುದರಲ್ಲೂ ಅವರಿಲ್ಲ. ನೀನು ಕೇಳಿದ ಈ ಕಡೆಯದರಲ್ಲಿ ಮಾತ್ರ, ನಾನು ನಿಂತಲ್ಲಿಯವರೆಗೆ ಅವರ ನೆರಳು ಬಂದು ಮಲಗಿದೆ.

ಆದರೆ ಹಿಮವೆಲ್ಲ ನೀಲಿ ಹೆಚ್ಚಾದ ಧೋತರದ ಹಾಗಿತ್ತು. ನಿನ್ನೆ ಸ್ಟುಡಿಯೋದ ಪ್ರಭಾಕರ, ಗುಲ್ಬರ್ಗಾ ಕಡೆಯವರು, ಕಂಪ್ಯೂಟರಿನಲ್ಲಿ ನೀಲಿ ಇಳಿಸುತ್ತ ಕೂತರು. ಬೆಳ್ಳಗಾಗಲೆಂದು ನಾವು ನೀಲಿ ಹಾಕುತ್ತೇವೆ, ನೀವು ತೆಗೆಯುತ್ತೀರಲ್ಲ ಎಂದೆ. ನಿಮ್ಮ ಬಕೆಟ್ ಬ್ಯಾರೆ, ನಮ್ಮ ಬಕೆಟ್ ಬ್ಯಾರೆ ರೀ ಅಕ್ಕಾರ ಎಂದು ನಕ್ಕರು. ನೋಡುತ್ತಿದ್ದಂತೆ ಹಿಮಕ್ಕೆ ಮೆಲ್ಲಗೆ ಬೆಳಗಾಯಿತು. ನಾನು ಮತ್ತೆ ಮನಾಲಿಯಲ್ಲೇ ನಿಂತಿದ್ದೆ. ಕಾಲಡಿ ಉಪ್ಪಿನ ಚೀಲ ಒತ್ತಿದಂಥ ಸಣ್ಣ ಸದ್ದು, ಬೇರೇನೂ ಇಲ್ಲ.

ಅಷ್ಟರಲ್ಲಿ ನೆರಳೂ ಮಸುಕಾಯಿತು. ಪೂರಾ ಅಳಿಸಿದರೆ ಚೊಕ್ಕ ಕಾಣ್ತದ ಎಂದರು. ಹೂಂ ಎಂದು ಬಂದುಬಿಟ್ಟೆ.

ಇಂದು ಅವರ ಧೋತರವನ್ನು, ಉಡುವವರಿಲ್ಲದಿದ್ದರೂ, ನೀಲಿ ನೀರಿನಲ್ಲಿ ಅದ್ದಿದೆ. ಬಕೆಟ್ಟಿನ ತಳದಲ್ಲಿ ಅದೇ ನೆರಳಿನ ಬಣ್ಣ. ಒದ್ದೆ ಕೈಯಲ್ಲೇ ಸ್ಟುಡಿಯೋಗೆ ನಡೆದೆ.

“ನೆರಳು ಇರ್ಲಿ ರೀ,” ಎಂದೆ. “ಅದು ನಮ್ಮ ಮನಿಯವರು.”

ಪ್ರಭಾಕರ ಮತ್ತೆ ಕಂಪ್ಯೂಟರಿನ ಮುಂದೆ ಕೂತರು. ಎಲ್ಲ ಮೊದಲಿನಿಂದ ಮಾಡಿದರು. ಬಿಸಿಲು ಬಿದ್ದ ಹಿಮವನ್ನಷ್ಟೇ ಬಿಳಿ ಮಾಡಿ, ನೆರಳಿಗೆ ಅದರ ನೀಲಿ ಬಿಟ್ಟರು. ಆಮೇಲೆ, ಈಗ ನೋಡ್ರಿ ಬರ್ಫ್ ಖರೇ ಬರ್ಫಿನಂಗ ಕಾಣ್ತದ ಎಂದರು. ನಿಜ, ನಿನ್ನೆಯದಕ್ಕಿಂತ ಇದೇ ಬೆಳ್ಳಗಿತ್ತು.

ಫೋಟೋದ ಜೊತೆಗೆ ನಿಫಾಡದ ದ್ರಾಕ್ಷಿಯೂ ಇದೆ. ತೊಳೆದು ತಿನ್ನು.

ನಿನ್ನ ಅವ್ವ,
ಶಾಂತಾಬಾಯಿ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದಿದ್ದೆ. ನೆರಳಿನಲ್ಲಿ ಕ್ಯಾಮೆರಾ ಹಿಡಿದ ಮೊಣಕೈ ಮೇಲಿದೆ, ಇನ್ನೊಂದು ಕೆಳಗೆ. ಆ ಕೆಳಗಿನ ಕೈ ಎದೆ ಒತ್ತಿಕೊಂಡಿತ್ತು. ಥಂಡಿಗೆ ಹಿಡ್ಕೊಂಡದ, ಅಶ್ವಿನಿಗಿ ಹೇಳಬ್ಯಾಡ ಎಂದು ಅಂದೇ ನಿಮ್ಮಪ್ಪ ಹೇಳಿದ್ದರು. ಅವರು ಹೋಗುವ ಮೊದಲು ಏನೂ ಆಗಿರಲಿಲ್ಲ ಎಂದು ನಿನಗೆ ನಾನು ಹೇಳಿದ್ದು ಸುಳ್ಳು. ನಿನ್ನೆ ನೆರಳು ಅಳಿಸಲು ಹೂಂ ಎಂದದ್ದೂ ಅದಕ್ಕೇ, ಆ ಕೈ ನಿನಗೆ ಕಾಣದಿರಲೆಂದು. ಪಕ್ಕದ ಮನೆಯ ಗುರುಪ್ರಸಾದ ನಾಳೆ ಏಳರ ಬಸ್ಸಿಗೆ ನಿಮ್ಮೂರಿಗೆ ಬರುತ್ತಾರೆ. ಫೋಟೋ ಆಗಲೇ ಅವರ ಚೀಲದಲ್ಲಿದೆ.