ಎರಡು ಗಂಟೆಯ ದಾರಿಯಲ್ಲ

ಅತ್ತೆಗೆ,

ನೀವು ಇದನ್ನು ಓದುವ ಹೊತ್ತಿಗೆ ನಾನೂ ಮಗುವೂ ವಿಮಾನ ಹತ್ತಿರುತ್ತೇವೆ. ಬೆಳಿಗ್ಗೆ ಹನ್ನೊಂದಕ್ಕೆ ಹೊರಟು ಮಧ್ಯಾಹ್ನ ಒಂದಕ್ಕೆ ತಲುಪುತ್ತದೆ ಎಂದು ಟಿಕೆಟ್ಟಿನಲ್ಲಿ ನೋಡಿ ನಿನ್ನೆ ನೀವು, "ಅಯ್ಯೋ, ಎರಡೇ ಗಂಟೆ ದಾರಿನಾ!" ಅಂದಿರಿ. ಅಲ್ಲ ಅತ್ತೆ. ಮಧ್ಯಾಹ್ನ ಒಂದು ಅನ್ನುವುದು ಅಲ್ಲಿನ ಗಡಿಯಾರದ ಲೆಕ್ಕ. ಹತ್ತು ಗಂಟೆ ಆಕಾಶದಲ್ಲೇ ಇರುತ್ತೇವೆ. ಇಳಿಯುವಾಗ ಇಲ್ಲಿ ರಾತ್ರಿ ಒಂಬತ್ತು.

ನಿಮ್ಮ ಮಗ ಸಂಜೆ ಏಳಕ್ಕೇ ಮನೆಗೆ ಬರುತ್ತಾರೆ. ನಾವು ಆಗಲೇ ತಲುಪಿದೆವು ಅಂದುಕೊಂಡು ಬಾಯಿ ಬಿಡಬೇಡಿ. ಅವರ ಗೆಳೆಯ ಅಲ್ಲಿನ ವಿಮಾನ ನಿಲ್ದಾಣದಲ್ಲೇ ಕೆಲಸಕ್ಕಿದ್ದಾನೆ. ಒಂದು ಫೋನ್ ಸಾಕು, ಬಾಗಿಲಲ್ಲೇ ಕಾದಿರುತ್ತಾನೆ. ಅಕ್ಕನ ಮನೆಗೆ ಹೋಗಿದ್ದೇನೆ ಅನ್ನಿ. ಕೇಳಿದ್ದನ್ನೇ ಕೇಳಿದರೆ ಕಿವಿ ಕೇಳದವರಂತೆ ಹೊಲಿಗೆ ಯಂತ್ರ ತುಳಿಯುತ್ತಾ ಇರಿ.

ನೀವು ಹೊಲಿದುಕೊಟ್ಟ ಉದ್ದ ತೋಳಿನ ಅಂಗಿಯನ್ನೇ ಹಾಕಿಕೊಂಡಿದ್ದೇನೆ. ಕೈ ಮೇಲಿನ ನೀಲಿ ಕಲೆ ಒಂದೂ ಕಾಣುವುದಿಲ್ಲ. ನೀವೂ ಬನ್ನಿ ಅಂದರೆ, "ನನ್ನದೇನು, ಹೇಗೋ ಕಳೆಯುತ್ತೆ" ಅಂದಿರಿ. ಈ ಸುಡುಬೇಸಿಗೆಯಲ್ಲಿ ನೀವೂ ಅಷ್ಟೇ ಉದ್ದದ ತೋಳು ಹೊಲಿದುಕೊಂಡಿದ್ದನ್ನು ನಾನು ನೋಡಿದ್ದೇನೆ.

ಗುಂಡಿ ಡಬ್ಬಿಯ ತಳದಲ್ಲಿ ನಿಮ್ಮ ಪಾಸ್‌ಪೋರ್ಟ್ ಇದೆ, ನಾಳೆಯ ಇದೇ ವಿಮಾನಕ್ಕೆ ಟಿಕೆಟ್ಟೂ ಇದೆ. ಅವರು ಕೆಲಸಕ್ಕೆ ಹೋದ ಕೂಡಲೇ ಹೊರಡಿ. ಕತ್ತರಿ ಮಾತ್ರ ಕೈಚೀಲದಲ್ಲಿ ಇಟ್ಟುಕೊಳ್ಳಬೇಡಿ, ಒಳಗೆ ಬಿಡುವುದಿಲ್ಲ. ಅಲ್ಲಿ ಹೊಸದು ಕೊಳ್ಳೋಣ. ಗಿಡ್ಡ ತೋಳಿನದು ಹೊಲಿಯುವುದಿದೆ, ಇಬ್ಬರಿಗೂ.

ನಿಮ್ಮ ದಾರಿ ಕಾಯುವ,
ಸೊಸೆ